ಟೆಂಪ್ಲೇಟಿನಲ್ಲಿ ಸಿಗದ ಗಿರಾಕಿ

ಪ್ರಪೋಸಲ್, ಕೊಟೇಶನ್, ಬಿಡ್, ಯೋಜನಾ ವರದಿ ಎಂದು ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರು ಪಡೆಯುವ ವ್ಯವಹಾರದ ಪ್ರಸ್ತಾವನೆಯಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. ಒಂದು ಬಗೆಯದು ಗಿರಾಕಿ ಯಾರೇ ಆದರೂ ಬದಲಾಗುವುದಿಲ್ಲ: ಸಂಸ್ಥೆಯ ನೋಂದಣಿ, ಜಿಎಸ್‌ಟಿ ಸಂಖ್ಯೆ, ಯಂತ್ರಗಳ ಪಟ್ಟಿ, ಹಿಂದೆ ಮುಗಿಸಿದ ಕೆಲಸಗಳು, ಸಿಬ್ಬಂದಿಯ ಅರ್ಹತೆ, ವಾರಂಟಿ, ಪಾವತಿಯ ಷರತ್ತು. ಇನ್ನೊಂದು ಬಗೆಯದನ್ನು ಆ ಒಬ್ಬ ಗಿರಾಕಿಗಲ್ಲದೆ ಬೇರೆ ಯಾರಿಗೂ ಬರೆದು ಕೊಡಲಾಗುವುದಿಲ್ಲ. ಅವರ ತೊಂದರೆ ಏನು, ಅದರಲ್ಲಿ ಎಷ್ಟನ್ನು ಈ ಸಂಸ್ಥೆ ಬಗೆಹರಿಸಬಲ್ಲದು, ಎಷ್ಟನ್ನು ಬಗೆಹರಿಸಲಾರದು, ಎಷ್ಟು ದಿನ ಬೇಕು, ಎಷ್ಟು ಹಣವಾಗುತ್ತದೆ ಎಂಬುದೆಲ್ಲ ಈ ಎರಡನೆಯ ಗುಂಪಿಗೆ ಸೇರುತ್ತದೆ.

ಪುಟಗಳ ಲೆಕ್ಕದಲ್ಲಿ ಮೊದಲ ಬಗೆಯದ್ದೇ ಹೆಚ್ಚು. ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಕಂಪನಿಯೊಂದು ದೊಡ್ಡ ಟೆಂಡರಿಗೆ ಕೊಡುವ ಉತ್ತರ ನೂರಾರು ಪುಟ ದಾಟುವುದು ಸಾಮಾನ್ಯ. ಅದರಲ್ಲಿ ಆ ಗಿರಾಕಿಗೆಂದೇ ಯೋಚಿಸಿ ಬರೆದ ಪುಟಗಳನ್ನು ಹುಡುಕಿ ತೆಗೆಯಬೇಕಾಗುತ್ತದೆ. ಆದರೆ ನಿರ್ಧಾರ ಆಗುವುದು ಆ ಕೆಲವೇ ಪುಟಗಳ ಮೇಲೆ. ಯಂತ್ರಕ್ಕೆ ಎಷ್ಟು ಬಿಡಬೇಕು, ಕೈಯಲ್ಲಿ ಎಷ್ಟು ಬರೆಯಬೇಕು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಮೊದಲ ಬಗೆಯದನ್ನು ಪ್ರತಿ ಸಲ ಹೊಸದಾಗಿ ಟೈಪ್ ಮಾಡುತ್ತ ಕೂರುವ ಸಂಸ್ಥೆಗೆ ಎರಡನೆಯದಕ್ಕೆ ಸಮಯವೇ ಉಳಿಯುವುದಿಲ್ಲ. ಎರಡನೆಯದನ್ನೂ ಯಂತ್ರಕ್ಕೆ ಒಪ್ಪಿಸಿದ ಸಂಸ್ಥೆ ಗಿರಾಕಿಗೆ ಹೇಳಬೇಕಾದ್ದನ್ನು ಹೇಳದೆಯೇ ಕಾಗದ ಕಳಿಸಿರುತ್ತದೆ.

ಸಿದ್ಧ ಉತ್ತರದ ಹಳೆಯ ಕಥೆ

ಓದದೆ ಕೊಡುವ ಸಿದ್ಧ ಉತ್ತರ ಕಂಪ್ಯೂಟರಿಗಿಂತ ಹಳೆಯದು. 1905ರ ಜನವರಿಯಲ್ಲಿ ವಿಲ್ಬರ್ ಮತ್ತು ಆರ್ವಿಲ್ ರೈಟ್ ತಮ್ಮ ಊರಿನ ಕಾಂಗ್ರೆಸ್ ಸದಸ್ಯರ ಮೂಲಕ ಅಮೆರಿಕದ ಯುದ್ಧ ಇಲಾಖೆಗೆ ಒಂದು ಪತ್ರ ಬರೆದರು. ಹಿಂದಿನ ವರ್ಷ ಡೇಟನ್ ಬಳಿಯ ಬಯಲಿನಲ್ಲಿ ನೂರಕ್ಕೂ ಹೆಚ್ಚು ಸಲ ಹಾರಿದ ಯಂತ್ರ ತಮ್ಮ ಬಳಿ ಇದೆ, ಸರ್ಕಾರಕ್ಕೆ ಬೇಕಿದ್ದರೆ ಒದಗಿಸುತ್ತೇವೆ ಎಂಬುದು ಅದರ ಸಾರ. ಇಲಾಖೆಯ ಮಂಡಳಿಯಿಂದ ಬಂದ ಉತ್ತರ ಬೇರೆಯದೇ ಪ್ರಶ್ನೆಗೆ ಕೊಟ್ಟಂತಿತ್ತು: ಹಾರುವ ಯಂತ್ರಗಳ ಪ್ರಯೋಗಕ್ಕೆ ಧನಸಹಾಯ ಕೇಳುವವರು ಬಹಳ, ಅಂಥ ಪ್ರಯೋಗಗಳಿಗೆ ಹಣ ಕೊಡಲಾಗುವುದಿಲ್ಲ. ಸಹೋದರರು ಪ್ರಯೋಗಕ್ಕೆ ಹಣ ಕೇಳಿರಲಿಲ್ಲ. ಸಿದ್ಧವಾದ ಯಂತ್ರವನ್ನು ಮಾರಲು ಮುಂದಾಗಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸುಮಾರು 24 ಮೈಲಿ ಒಂದೇ ಹಾರಾಟದಲ್ಲಿ ಕ್ರಮಿಸಿದ ಕೆಲವೇ ದಿನಗಳಿಗೆ, ಮತ್ತೆ ಬರೆದಾಗಲೂ ಬಹುಮಟ್ಟಿಗೆ ಅದೇ ಪಠ್ಯ ವಾಪಸಾಯಿತು.

ಈ ಬಿಕ್ಕಟ್ಟು ಸಡಿಲವಾದದ್ದು 1907ರ ಕೊನೆಯಲ್ಲಿ ವಿಲ್ಬರ್ ವಾಷಿಂಗ್ಟನ್ನಿನಲ್ಲಿ ಅಧಿಕಾರಿಗಳ ಎದುರು ಕೂತು ಮಾತಾಡಿದ ಮೇಲೆ. ಡಿಸೆಂಬರ್ 23ರಂದು ಸೇನೆಯ ಸಿಗ್ನಲ್ ಕೋರ್ 486ನೇ ಸಂಖ್ಯೆಯ ಟೆಂಡರ್ ವಿವರ ಹೊರಡಿಸಿತು. ಇಬ್ಬರನ್ನು ಹೊರಬೇಕು, ಗಂಟೆಗೆ 40 ಮೈಲಿ ವೇಗ ಇರಬೇಕು, ಒಂದು ಗಂಟೆ ಗಾಳಿಯಲ್ಲಿರಬೇಕು, ಬಿಚ್ಚಿ ಗಾಡಿಯಲ್ಲಿ ಸಾಗಿಸುವಂತಿರಬೇಕು. ಬಂದ ಪ್ರಸ್ತಾವನೆಗಳು 41. ರೈಟ್ ಸಹೋದರರು ಹಾಕಿದ ಬೆಲೆ 25,000 ಡಾಲರ್. 1909ರಲ್ಲಿ ನಿಗದಿತ ವೇಗವನ್ನೂ ಮೀರಿಸಿದ್ದಕ್ಕೆ 5,000 ಡಾಲರ್ ಹೆಚ್ಚುವರಿ ಸೇರಿ ಅವರಿಗೆ ಸಿಕ್ಕಿದ್ದು 30,000. ಸಿದ್ಧ ನಮೂನೆಯಿಂದ ಮೂರು ವರ್ಷ ಮುಚ್ಚಿದ್ದ ಬಾಗಿಲು ಎದುರುಬದುರು ಮಾತಿನಿಂದ ತೆರೆಯಿತು. ಆದರೆ ನಂತರ ಆ ಮಾತನ್ನು ಎಲ್ಲರಿಗೂ ಅನ್ವಯಿಸುವ ಅಳೆಯಬಹುದಾದ ಷರತ್ತುಗಳಾಗಿ ಇಳಿಸಿದ್ದೂ ಒಂದು ನಮೂನೆಯೇ. ನಮೂನೆ ತಪ್ಪಲ್ಲ, ಓದುವುದಕ್ಕೆ ಬದಲಾಗಿ ಅದನ್ನು ಬಳಸಿದ್ದು ತಪ್ಪು.

ನಮೂನೆ ಯೋಚನೆಗೆ ನೆರವಾದ ಉದಾಹರಣೆಯೂ ಇದೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿದ್ದ ಹ್ಯೂಸ್ ಏರ್‌ಕ್ರಾಫ್ಟ್ ಕಂಪನಿಯ ಎಂಜಿನಿಯರುಗಳಿಗೆ ರಕ್ಷಣಾ ಇಲಾಖೆಯ ಪ್ರಸ್ತಾವನೆಗಳು ದೊಡ್ಡ ತಲೆನೋವಾಗಿದ್ದವು. ಹತ್ತಾರು ಜನ ಬರೆದ ಭಾಗಗಳನ್ನು ಒಟ್ಟಿಗೆ ಹೊಲಿದರೆ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಟ್ರೇಸಿ, ರಗ್, ಸ್ಟಾರ್ಕಿ ಎಂಬ ಮೂವರು ರೂಪಿಸಿ 1965ರಲ್ಲಿ ವರದಿಯಾಗಿ ದಾಖಲಿಸಿದ 'ಸ್ಟಾಪ್' ಎಂಬ ಪದ್ಧತಿಯಲ್ಲಿ ಪ್ರತಿ ವಿಷಯಕ್ಕೂ ಎದುರುಬದುರಾದ ಎರಡೇ ಪುಟ: ಎಡಕ್ಕೆ ಪಠ್ಯ, ಬಲಕ್ಕೆ ಚಿತ್ರ, ಮೇಲೆ ಆ ವಿಷಯದ ವಾದವನ್ನು ಹೇಳುವ ಒಂದು ವಾಕ್ಯ. ಬರೆಯುವ ಮುನ್ನ ಪ್ರತಿಯೊಬ್ಬರೂ ತಮ್ಮ ಎರಡು ಪುಟಗಳ ಹಂದರವನ್ನು ಗೋಡೆಗೆ ಅಂಟಿಸಬೇಕು. ತಂಡವೆಲ್ಲ ಅದರ ಮುಂದೆ ನಿಂತು ಚರ್ಚಿಸಬೇಕು. ಪುಟದ ಅಳತೆ ಎಲ್ಲರಿಗೂ ಒಂದೇ, ಆದರೆ ಅದರೊಳಗೆ ಏನಿರಬೇಕು ಎಂಬುದಕ್ಕೆ ತಪ್ಪಿಸಿಕೊಳ್ಳಲಾಗದ ಯೋಚನೆ ಬೇಕಿತ್ತು. ಇಂದಿನ ಐಟಿ ಕಂಪನಿಗಳು 'ಪಿಂಕ್ ಟೀಮ್', 'ರೆಡ್ ಟೀಮ್' ಎಂದು ಕರೆಯುವ ಪರಿಶೀಲನೆಗಳ ಹಿಂದೆ ಇದೇ ಶಿಸ್ತಿದೆ.

ಯಂತ್ರಗಳ ಚರಿತ್ರೆ ಇದರ ಪಕ್ಕದಲ್ಲೇ ಸಾಗಿತು. 1964ರಲ್ಲಿ ಐಬಿಎಂ ತಂದ ಕಾಂತೀಯ ಟೇಪಿನ ಟೈಪ್‌ರೈಟರ್ ಒಂದೇ ಪತ್ರವನ್ನು ಬೇರೆ ಬೇರೆ ವಿಳಾಸಗಳೊಂದಿಗೆ ತಾನೇ ಟೈಪಿಸುತ್ತಿತ್ತು. 1980ರ ದಶಕದಲ್ಲಿ ವರ್ಡ್‌ಸ್ಟಾರ್ ಜೊತೆಗಿನ ಮೇಲ್‌ಮರ್ಜ್ ಅದನ್ನು ಸಣ್ಣ ಕಚೇರಿಗಳಿಗೂ ತಲುಪಿಸಿತು. ಆಮೇಲೆ ಲೂಪಿಯೊ, ರೆಸ್ಪಾನ್ಸಿವ್‌ನಂಥ ತಂತ್ರಾಂಶಗಳು ಬಂದವು. ಹಳೆಯ ಉತ್ತರಗಳ ಭಂಡಾರದಿಂದ ಹೊಸ ಪ್ರಶ್ನೆಗೆ ಹತ್ತಿರದ ಉತ್ತರವನ್ನು ಎತ್ತಿಕೊಡುವುದು ಅವುಗಳ ಕೆಲಸ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಪರಿಸ್ಥಿತಿ ಮೂಲದಲ್ಲೇ ಬದಲಾಯಿತು. ಅಲ್ಲಿಯವರೆಗೆ ಯಂತ್ರ ಎತ್ತಿಕೊಡುತ್ತಿದ್ದುದು ಮನುಷ್ಯರು ಬರೆದಿಟ್ಟದ್ದನ್ನು. ಈಗ ಅದು ಯಾರೂ ಬರೆಯದ್ದನ್ನು, ಆ ಗಿರಾಕಿಗೇ ಬರೆದಂತೆ ತೋರುವ ಧಾಟಿಯಲ್ಲಿ ಕೊಡಬಲ್ಲದು.

ಯಂತ್ರಕ್ಕೆ ಧಾರಾಳವಾಗಿ ಬಿಡಬಹುದಾದದ್ದು

ಸ್ವಯಂಚಾಲನೆಯನ್ನು ಅನುಮಾನದಿಂದಲೇ ನೋಡಬೇಕಿಲ್ಲ. ಎಷ್ಟೋ ಕಡೆ ಕೈಬರಹವೇ ಅಪಾಯ. ಸರ್ಕಾರಿ ಟೆಂಡರ್ ಇದಕ್ಕೆ ಸ್ಪಷ್ಟ ಸಾಕ್ಷಿ. ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆಯ ಅಡಿಯಲ್ಲಿ ನಡೆಯುವ ಖರೀದಿಯಲ್ಲಾಗಲಿ, 2016ರಲ್ಲಿ ಆರಂಭವಾದ ಕೇಂದ್ರದ ಜೆಮ್ ಪೋರ್ಟಲ್‌ನಲ್ಲಾಗಲಿ, ಘೋಷಣಾ ಪತ್ರಗಳು ಕೊಟ್ಟ ನಮೂನೆಯಲ್ಲೇ ಇರಬೇಕು. ಅದರ ಒಂದು ವಾಕ್ಯವನ್ನು ಚೆಂದಗೊಳಿಸಲು ಹೋದರೆ, ಬೆಲೆಯ ಪಕ್ಕದಲ್ಲಿ ಸ್ವಂತ ಷರತ್ತೊಂದನ್ನು ಸೇರಿಸಿದರೆ, ಬಿಡ್ಡೇ ತಿರಸ್ಕೃತವಾಗಬಹುದು. ಇಎಂಡಿ (ಬಿಡ್ ಜೊತೆಗೆ ಇಡುವ ಠೇವಣಿ), ವಹಿವಾಟಿನ ಪ್ರಮಾಣಪತ್ರ, ಹಿಂದಿನ ಕಾಮಗಾರಿಯ ದೃಢೀಕರಣ, ಡಿಜಿಟಲ್ ಸಹಿ ಇವೆಲ್ಲ ಇದೆಯೋ ಇಲ್ಲವೋ ಎಂದು ನೋಡುವ ಕೆಲಸದಲ್ಲಿ ಯಂತ್ರ ಮನುಷ್ಯರಿಗಿಂತ ನಂಬಿಗಸ್ತ. ರಾತ್ರಿ ಹನ್ನೊಂದಕ್ಕೆ ಕಣ್ಣು ಮಂಜಾದ ಕೆಲಸಗಾರನಿಂದ ತಪ್ಪುವ 43ನೇ ಷರತ್ತು ಅದರಿಂದ ತಪ್ಪುವುದಿಲ್ಲ.

ಟೆಂಡರ್ ದಾಖಲೆಯ ಪ್ರತಿ ಷರತ್ತಿಗೂ ಒಂದು ಸಾಲು, ಅದರ ಎದುರು 'ಒಪ್ಪಿದೆ', 'ಭಾಗಶಃ', 'ಇಲ್ಲ' ಮತ್ತು ಉತ್ತರವಿರುವ ಪುಟಸಂಖ್ಯೆ ಕೊಡುವ ಕೋಷ್ಟಕವನ್ನು ಬಿಡ್ ತಯಾರಿಸುವವರು ಕಂಪ್ಲಯನ್ಸ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಅದರ ಹಂದರ ಹಾಕುವುದಕ್ಕೆ ಹಿಂದೆ ಇಬ್ಬರು ಎರಡು ದಿನ ಕೂರಬೇಕಿತ್ತು. ಈಗ ಆ ಕೆಲಸ ನಿಮಿಷಗಳದ್ದು. ಉಳಿದ ಹೊತ್ತನ್ನು ಟೆಂಡರನ್ನು ಇನ್ನೊಮ್ಮೆ ಓದುವುದಕ್ಕೆ ಬಳಸಿದರೆ ಆ ಯಂತ್ರ ಸಾರ್ಥಕ. ಅದೇ ಹೊತ್ತಿನಲ್ಲಿ ಇನ್ನೂ ಮೂರು ಟೆಂಡರಿಗೆ ಅರ್ಜಿ ಹಾಕಿದರೆ, ಸೋಲುವ ಪ್ರಸ್ತಾವನೆಗಳ ಸಂಖ್ಯೆಯಷ್ಟೇ ಹೆಚ್ಚಾಗುತ್ತದೆ. ತಂತ್ರಾಂಶ ಕೊಂಡವರು ಮರೆಯುವ ವಿಷಯ ಇದೇ: ಅದರಿಂದ ಸಿಗುವುದು ಸಮಯ, ಆ ಸಮಯಕ್ಕೆ ಬೇರೆ ಕೆಲಸ ಕಾದಿದೆ.

ಸಿದ್ಧ ಪಠ್ಯದ ಭಂಡಾರಕ್ಕೂ ಆರೈಕೆ ಬೇಕು. ಅವಧಿ ಮುಗಿದ ಐಎಸ್‌ಒ ಪ್ರಮಾಣಪತ್ರ, ಕೆಲಸ ಬಿಟ್ಟುಹೋದ ಎಂಜಿನಿಯರ್‌ನ ಬಯೋಡೇಟಾ, ಹಳೆಯ ಜಿಎಸ್‌ಟಿ ದರ, ಮುಚ್ಚಿಹೋದ ಶಾಖೆಯ ವಿಳಾಸ ಇವೆಲ್ಲ ಸದ್ದಿಲ್ಲದೆ ಹೊಸ ಪ್ರಸ್ತಾವನೆಗೆ ನುಸುಳುತ್ತವೆ. ಪ್ರತಿ ತುಣುಕಿಗೂ ಒಬ್ಬ ಹೊಣೆಗಾರ, ಮರುಪರಿಶೀಲನೆಯ ಒಂದು ದಿನಾಂಕ ಇರದಿದ್ದರೆ ಭಂಡಾರ ದೊಡ್ಡದಾದಷ್ಟೂ ಸುಳ್ಳು ಹೆಚ್ಚುತ್ತದೆ. ಪಾವತಿಯ ಷರತ್ತನ್ನೇ ನೋಡಬಹುದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನಗಳ ಮಿತಿ ಇದೆ. ಎಷ್ಟೋ ಸಣ್ಣ ಘಟಕಗಳ ಕೊಟೇಶನ್ ನಮೂನೆಯಲ್ಲಿ ಎಂದೋ ಯಾರೋ ಟೈಪ್ ಮಾಡಿದ '90 ದಿನಗಳ ಕ್ರೆಡಿಟ್' ಇನ್ನೂ ಉಳಿದಿರುತ್ತದೆ. ಪ್ರತಿ ಗಿರಾಕಿಗೂ ಹೋಗುವ ಒಂದು ಸಾಲನ್ನು ಒಮ್ಮೆ ತಿದ್ದಿದರೆ ಸಾಕು. ಅಚ್ಚಿನ ಪಠ್ಯದ ನಿಜವಾದ ಲಾಭ ಅದು.

ಹೆಸರು, ವಲಯ, ತೊಂದರೆ

ಪ್ರಸ್ತಾವನೆಯನ್ನು ಗಿರಾಕಿಗೆ ಹೊಂದಿಸುವುದರಲ್ಲಿ ಮೂರು ಆಳಗಳಿವೆ. ತೀರ ಮೇಲಿನದು ಹೆಸರಿನ ಮಟ್ಟ: ಮುಖಪುಟದಲ್ಲಿ ಗಿರಾಕಿಯ ಲೋಗೊ, ಕವರಿಂಗ್ ಲೆಟರಿನಲ್ಲಿ ಅಧಿಕಾರಿಯ ಹೆಸರು. ಇದು ಪೂರ್ತಿ ಯಂತ್ರದ ಕೆಲಸ, ಇದರಿಂದ ಯಾರೂ ಮರುಳಾಗುವುದಿಲ್ಲ. ತಪ್ಪಿದರೆ ಮಾತ್ರ ಮಾನ ಹೋಗುತ್ತದೆ. ಹಿಂದಿನ ಗಿರಾಕಿಯ ಹೆಸರು 87ನೇ ಪುಟದ ಅಡಿಟಿಪ್ಪಣಿಯಲ್ಲಿ ಉಳಿದುಬಿಟ್ಟರೆ ಅದಕ್ಕಿಂತ ಮೊದಲಿನ 86 ಪುಟಗಳ ಶ್ರಮ ವ್ಯರ್ಥ. ಅದರ ಕೆಳಗಿನದು ವಲಯದ ಮಟ್ಟ: ಆಸ್ಪತ್ರೆಗೆ ಒಂದು ಪಠ್ಯ, ಬ್ಯಾಂಕಿಗೆ ಇನ್ನೊಂದು. ಇದಕ್ಕೂ ಸಿದ್ಧ ಅಚ್ಚುಗಳು ಸಾಕು. ಮೂರನೆಯದು ತೊಂದರೆಯ ಮಟ್ಟ. ಈ ಆಸ್ಪತ್ರೆಯ ಔಷಧ ಕೌಂಟರಿನ ಮುಂದೆ ಸೋಮವಾರ ಬೆಳಿಗ್ಗೆಯೇ ಯಾಕೆ ಸರದಿ ಬೆಳೆಯುತ್ತದೆ ಎಂಬುದು ಅಲ್ಲಿ ಹೋಗಿ ನಿಂತವರಿಗೆ ಮಾತ್ರ ಗೊತ್ತಾಗುತ್ತದೆ. ಗಿರಾಕಿಗೆ ಬೇಕಾದ ವೈಯಕ್ತಿಕತೆ ಈ ಮೂರನೆಯದು ಮಾತ್ರ. ಮಾರುಕಟ್ಟೆಯಲ್ಲಿ ಆ ಹೆಸರಿನಲ್ಲಿ ಮಾರಾಟವಾಗುವುದು ಬಹುತೇಕ ಮೊದಲ ಎರಡು.

ಪೀಣ್ಯದ ಮೆಷಿನ್ ಶಾಪ್ ಒಂದಕ್ಕೆ ಬರುವ ವಿಚಾರಣೆಯನ್ನು ಊಹಿಸಿಕೊಂಡರೆ ಈ ಮೂರನೆಯ ಮಟ್ಟ ಕಣ್ಣಿಗೆ ಕಾಣುತ್ತದೆ. ಹಾಲು ಸಂಸ್ಕರಣಾ ಉಪಕರಣ ತಯಾರಿಸುವ ಪಾರ್ಟಿಯೊಂದು ಪೈಪ್ ಜೋಡಣೆಯ ಬಿಡಿಭಾಗಕ್ಕೆ ಡ್ರಾಯಿಂಗ್ ಕಳಿಸಿ 500 ನಗಕ್ಕೆ ಬೆಲೆ ಕೇಳುತ್ತದೆ. ವಸ್ತು: ಎಸ್‌ಎಸ್ 304. ಇಲ್ಲಿ ಲೆಕ್ಕಕ್ಕೆ ಯಂತ್ರ ಸಾಕು. ಸರಳಿನ ವ್ಯಾಸ, ಉದ್ದ, ಲೋಹದ ಸಾಂದ್ರತೆಯಿಂದ ತೂಕ. ತೂಕಕ್ಕೆ ಇವತ್ತಿನ ದರ. ಟರ್ನಿಂಗ್, ಮಿಲ್ಲಿಂಗ್, ಪಾಲಿಶ್‌ಗೆ ಯಂತ್ರಗಂಟೆಯ ದರ. ಚೂರಿನ ಮರುಮೌಲ್ಯ ಕಳೆದು, ಪ್ಯಾಕಿಂಗ್ ಸೇರಿಸಿ, 18% ಜಿಎಸ್‌ಟಿ. ಎಕ್ಸೆಲ್ ಹಾಳೆ ಇದನ್ನು ಕ್ಷಣದಲ್ಲಿ ಮಾಡುತ್ತದೆ, ಮಾಡಲೂಬೇಕು. ಬೆಳಿಗ್ಗೆ ಬಂದ ವಿಚಾರಣೆಗೆ ಸಂಜೆಯೊಳಗೆ ಬೆಲೆ ಕೊಡುವ ಶಾಪಿಗೆ ಅರ್ಧ ಕೆಲಸ ಸಿಕ್ಕಂತೆಯೇ. ಆದರೆ ವರ್ಷಗಟ್ಟಲೆ ಡೇರಿ ಭಾಗಗಳನ್ನು ಮಾಡಿದ ಫೋರ್‌ಮನ್ ಡ್ರಾಯಿಂಗ್ ನೋಡಿ ಒಂದು ಪ್ರಶ್ನೆ ಕೇಳುತ್ತಾನೆ: ಈ ಲೈನನ್ನು ಯಾವುದರಿಂದ ತೊಳೆಯುತ್ತಾರೆ? ಕ್ಲೋರಿನ್ ಇರುವ ಸೋಂಕುನಿವಾರಕ ಬಳಸುವುದಾದರೆ 304ರ ಮೇಲೆ ಸೂಜಿಮೊನೆಯಂಥ ಗುಳಿಗಳು ಬೀಳುವ ಸಂಭವ ಹೆಚ್ಚು. 2ರಿಂದ 3% ಮಾಲಿಬ್ಡಿನಮ್ ಇರುವ 316 ಅದನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ಕೊಟೇಶನ್ನಿನ ಕೊನೆಗೆ ಎರಡು ಸಾಲು ಸೇರುತ್ತದೆ: ಡ್ರಾಯಿಂಗಿನಂತೆ 304ರ ಬೆಲೆ ಇದು, ಕ್ಲೋರಿನ್ ಬಳಕೆ ಇದ್ದರೆ 316 ಒಳ್ಳೆಯದು, ಅದರ ಬೆಲೆ ಇದು, ತೊಳೆಯುವ ವಿಧಾನ ತಿಳಿಸಿದರೆ ಖಚಿತಪಡಿಸುತ್ತೇವೆ.

ಆ ಎರಡು ಸಾಲಿನಲ್ಲಿ ಅಲಂಕಾರ ಒಂದೂ ಇಲ್ಲ, ಗಿರಾಕಿಯ ಹೆಸರೂ ಇಲ್ಲ. ಆದರೂ ಕೊಟೇಶನ್ನಿನಲ್ಲಿ ಆ ಗಿರಾಕಿಗೆಂದೇ ಬರೆದದ್ದು ಅದೊಂದೇ. ಅತಿ ಕಡಿಮೆ ಬೆಲೆಯ ಶಾಪನ್ನು ಬಿಟ್ಟು ಪಾರ್ಟಿ ಇವರಿಗೇ ಫೋನ್ ಮಾಡುವುದಿದ್ದರೆ ಆ ಸಾಲುಗಳಿಂದಲೇ ಮಾಡುತ್ತದೆ.

ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಈ ವ್ಯತ್ಯಾಸ ಇನ್ನೂ ದುಬಾರಿಯಾಗುತ್ತದೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆಂದು 2020ರಲ್ಲಿ ಆರಂಭವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ 35% ಸಹಾಯಧನ, ಗರಿಷ್ಠ 10 ಲಕ್ಷ ರೂಪಾಯಿ ನಿಗದಿಯಾಯಿತು. ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು 50%ಕ್ಕೆ, ಗರಿಷ್ಠ 15 ಲಕ್ಷಕ್ಕೆ ಏರಿಸಿತು. ಸಾಲ ಬ್ಯಾಂಕಿನದು, ಆದ್ದರಿಂದ ವರದಿ ಬೇಕು. ಇಂಥ ವರದಿಗಳ ಅಚ್ಚು ಬಹುತೇಕ ಒಂದೇ: ವರ್ಷಕ್ಕೆ 300 ದಿನ ಕೆಲಸ, ಮೊದಲ ವರ್ಷ ಸಾಮರ್ಥ್ಯದ 60% ಬಳಕೆ, ಎರಡನೆಯ ವರ್ಷ 70%, ಮೂರನೆಯ ವರ್ಷ 80%, ಕಚ್ಚಾವಸ್ತುವಿನ ದಾಸ್ತಾನು 15 ಅಥವಾ 30 ದಿನಕ್ಕೆ.

ವಿಜಯಪುರ ಕಡೆಯ ಹೆಣ್ಣುಮಗಳೊಬ್ಬಳು ಜೋಳದ ಖಡಕ್ ರೊಟ್ಟಿ ಘಟಕಕ್ಕೆ ಇದೇ ಅಚ್ಚಿನಲ್ಲಿ ವರದಿ ಕೊಟ್ಟಳೆನ್ನೋಣ. ದಿನಕ್ಕೆ 50 ಕಿಲೊ ಹಿಟ್ಟು ಬಳಸಿದರೆ 300 ದಿನಕ್ಕೆ 150 ಕ್ವಿಂಟಾಲ್ ಜೋಳ. ಅಚ್ಚಿನ ಪ್ರಕಾರ ತಿಂಗಳಿಗೆ ಹನ್ನೆರಡೂವರೆ ಕ್ವಿಂಟಾಲ್ ಕೊಂಡರಾಯಿತು. ಆದರೆ ಒಳ್ಳೆಯ ರೊಟ್ಟಿಗೆ ಬೇಕಾದದ್ದು ಹಿಂಗಾರಿ ಬಿಳಿಜೋಳ. ಅದು ರಾಶಿಯಾಗಿ ಪೇಟೆಗೆ ಬರುವುದು ಬೇಸಿಗೆಯ ಮೊದಲಿಗೆ. ಆಗ ಕೊಂಡರೆ ಕಾಳೂ ಒಳ್ಳೆಯದು, ದರವೂ ಕೈಗೆಟುಕುವಂತಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಜೋಳಕ್ಕೆ ಪರದಾಡಬೇಕು. ಅಂದರೆ ಆಕೆಗೆ ಮಾರ್ಚ್ ಹೊತ್ತಿಗೆ ಒಂದೇ ಸಲ ದೊಡ್ಡ ದುಡಿಯುವ ಬಂಡವಾಳ ಬೇಕು, ಹುಳ ಬೀಳದಂತೆ ಕಾಳು ಇಡಲು ಜಾಗ ಬೇಕು. ಅಚ್ಚಿನ ವರದಿ ಯಂತ್ರಕ್ಕೆ ಸಾಲ ಕೇಳಿ, ದುಡಿಯುವ ಬಂಡವಾಳವನ್ನು ಒಂದು ತಿಂಗಳ ಲೆಕ್ಕಕ್ಕೆ ಇಳಿಸಿಬಿಟ್ಟಿರುತ್ತದೆ. ಸಾಲ ಮಂಜೂರಾಗಬಹುದು, ಯಂತ್ರವೂ ಬರಬಹುದು. ಘಟಕ ನಿಲ್ಲುವುದು ಅಕ್ಟೋಬರ್‌ನಲ್ಲಿ. ಆಕೆಗೆ ಇದೆಲ್ಲ ಗೊತ್ತಿತ್ತು. ವರದಿ ಬರೆದವರು ಕೇಳಲಿಲ್ಲ, ಅಚ್ಚಿನಲ್ಲಿ ಅದಕ್ಕೊಂದು ಖಾನೆ ಇರಲಿಲ್ಲ.

ಇದಕ್ಕೆ ಪರಿಹಾರ ಅಚ್ಚನ್ನು ಎಸೆಯುವುದಲ್ಲ. ಆದಾಯ-ವೆಚ್ಚದ ಕೋಷ್ಟಕ, ಸಾಲ ಮರುಪಾವತಿಯ ಪಟ್ಟಿ, ಸವಕಳಿಯ ಲೆಕ್ಕ ಇವನ್ನೆಲ್ಲ ತಂತ್ರಾಂಶ ಮಾಡಲಿ. ಅದಕ್ಕೆ ಮೊದಲು ಅರ್ಧ ದಿನ ಆಕೆಯ ಮುಂದೆ ಕೂತು, ಜೋಳ ಎಲ್ಲಿಂದ, ಯಾವಾಗ, ಎಷ್ಟಕ್ಕೆ, ರೊಟ್ಟಿ ಯಾರಿಗೆ, ಮದುವೆ ಹಂಗಾಮಿನಲ್ಲಿ ಎಷ್ಟು, ಕರೆಂಟ್ ಯಾವ ಹೊತ್ತಿನಲ್ಲಿ ಹೋಗುತ್ತದೆ ಎಂದು ಕೇಳಿ ಬರೆದುಕೊಂಡ ಎರಡು ಪುಟ ಬೇಕು. ಕೋಷ್ಟಕದ ಅಂಕಿಗಳು ಆ ಎರಡು ಪುಟದಿಂದ ಹುಟ್ಟಬೇಕು.

ಕನ್ನಡದಲ್ಲಿ ಟೆಂಪ್ಲೇಟ್

ಇಂಗ್ಲಿಷಿಗೆಂದು ಹುಟ್ಟಿದ ಟೆಂಪ್ಲೇಟು ಕನ್ನಡದಲ್ಲಿ ಎಡವುವುದಕ್ಕೆ ವ್ಯಾಕರಣವೇ ಕಾರಣ. ಖಾಲಿ ಜಾಗದಲ್ಲಿ ಊರಿನ ಹೆಸರು ಬಂದು ಕೂತರೆ ಸಾಲದು, ಪ್ರತ್ಯಯ ಅದರ ಕೊನೆಯ ಸ್ವರ ನೋಡಿ ಬದಲಾಗಬೇಕು: ಮೈಸೂರಿನಲ್ಲಿ, ಮಂಡ್ಯದಲ್ಲಿ, ಬಳ್ಳಾರಿಯಲ್ಲಿ. ಒಂದೇ ಪ್ರತ್ಯಯವನ್ನು ಅಂಟಿಸಿಟ್ಟ ಅಚ್ಚಿನಿಂದ 'ಮಂಡ್ಯನಲ್ಲಿ', 'ಬಳ್ಳಾರಿನಲ್ಲಿ' ಹೊರಬರುತ್ತದೆ, ಓದಿದ ಕೂಡಲೇ ಇದು ಯಂತ್ರದ್ದು ಎಂದು ಗೊತ್ತಾಗುತ್ತದೆ. ಸರ್ಕಾರಿ ಕಾಗದಗಳು 'ಇವರಿಗೆ', 'ಇಲ್ಲಿ' ಎಂದು ಪ್ರತ್ಯೇಕವಾಗಿ ಬರೆದು ಈ ಕಷ್ಟವನ್ನು ಎಂದೋ ದಾಟಿವೆ. ಪ್ರಸ್ತಾವನೆಯ ಅಚ್ಚು ಮಾಡುವವರಿಗೂ ಅದೇ ಸುರಕ್ಷಿತ ದಾರಿ. ಇನ್ನೊಂದು ತೊಡಕು ಅಕ್ಷರದ್ದು. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪಠ್ಯವನ್ನು ಯೂನಿಕೋಡ್ ನಮೂನೆಗೆ ಹಾಗೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಸಹಕಾರ ಸಂಘಗಳಿಗೆ, ಪಂಚಾಯಿತಿಗಳಿಗೆ ಕನ್ನಡದಲ್ಲಿ ಪ್ರಸ್ತಾವನೆ ಕೊಡುವವರು ಹಳೆಯ ಪಠ್ಯದ ಭಂಡಾರವನ್ನೆಲ್ಲ ಒಮ್ಮೆ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿಯೇ ಯಂತ್ರಕ್ಕೆ ಒಪ್ಪಿಸಬೇಕು.

ಎಲ್ಲದಕ್ಕೂ ಹೌದೆನ್ನುವ ಯಂತ್ರ

ಭಾಷಾ ಮಾದರಿಗಳು ಬರೆದುಕೊಡುವ ಪ್ರಸ್ತಾವನೆಯಲ್ಲಿ ಮುಖ್ಯ ದೋಷ ಭಾಷೆಯದಲ್ಲ. ಅವುಗಳ ಕನ್ನಡ ಕೆಲವೊಮ್ಮೆ ತೊಡಕಿನದಾದರೂ ಇಂಗ್ಲಿಷ್ ಸರಾಗ. ದೋಷವಿರುವುದು ಅವುಗಳ ಒಪ್ಪಿಗೆಯಲ್ಲಿ. 'ನಿಮ್ಮ ತಂತ್ರಾಂಶ ಇಂಟರ್‌ನೆಟ್ ಇಲ್ಲದಾಗಲೂ ನಡೆಯುತ್ತದೆಯೇ' ಎಂದು ಟೆಂಡರ್ ಕೇಳಿದರೆ, ಭಂಡಾರದಲ್ಲಿ ಉತ್ತರವಿಲ್ಲದಿದ್ದರೂ ನಡೆಯುತ್ತದೆ ಎಂದು ನಾಲ್ಕು ವಾಕ್ಯ ಬರೆದುಕೊಡುವ ಪ್ರವೃತ್ತಿ ಅವಕ್ಕಿದೆ. ಪ್ರಸ್ತಾವನೆ ಕೆಲಸ ಸಿಕ್ಕ ಮೇಲೆ ಹೆಚ್ಚಾಗಿ ಕರಾರಿನ ಭಾಗವೇ ಆಗುತ್ತದೆ. ಅಲ್ಲಿ ಬರೆದದ್ದನ್ನು ಮಾಡಿಕೊಡದಿದ್ದರೆ ದಂಡ, ಸುಳ್ಳು ಘೋಷಣೆಯಾದರೆ ಇಎಂಡಿ ಮುಟ್ಟುಗೋಲು, ಕಪ್ಪುಪಟ್ಟಿ. ಯಂತ್ರ ಬರೆಯಿತು ಎಂಬ ಸಮಜಾಯಿಷಿ ನಡೆಯುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ಇಂಥ ಆಧಾರವಿಲ್ಲದ ಬರಹದ ಬೆಲೆ ಜಗತ್ತಿಗೇ ಕಂಡಿತು. ಡೆಲಾಯ್ಟ್‌ನ ಆಸ್ಟ್ರೇಲಿಯಾ ಶಾಖೆ ಅಲ್ಲಿನ ಸರ್ಕಾರಕ್ಕೆ ಸುಮಾರು 4,40,000 ಆಸ್ಟ್ರೇಲಿಯನ್ ಡಾಲರಿಗೆ ಮಾಡಿಕೊಟ್ಟ ವರದಿಯಲ್ಲಿ ಇಲ್ಲದ ಪ್ರಬಂಧಗಳ ಉಲ್ಲೇಖ, ನ್ಯಾಯಾಲಯದ ತೀರ್ಪಿನದೆಂದು ಹೇಳಿದ ಕಲ್ಪಿತ ಮಾತು ಇರುವುದನ್ನು ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಪತ್ತೆಹಚ್ಚಿದ ಮೇಲೆ, ಕಂಪನಿ ಶುಲ್ಕದ ಒಂದು ಭಾಗವನ್ನು ಹಿಂದಿರುಗಿಸಲು ಒಪ್ಪಿತು. ತಯಾರಿಕೆಯಲ್ಲಿ ಭಾಷಾ ಮಾದರಿ ಬಳಸಿದ್ದಾಗಿ ತಿದ್ದಿದ ಆವೃತ್ತಿಯಲ್ಲಿ ಹೇಳಲಾಯಿತು. ಅದು ಪ್ರಸ್ತಾವನೆಯಲ್ಲ, ವರದಿ. ಆದರೆ ಪ್ರಸ್ತಾವನೆಯ 'ಹಿಂದಿನ ಅನುಭವ' ವಿಭಾಗದಲ್ಲಿ ಇಲ್ಲದ ಕೆಲಸವೊಂದು, ಇಲ್ಲದ ಪ್ರಶಂಸಾಪತ್ರವೊಂದು ಇದೇ ದಾರಿಯಲ್ಲಿ ನುಸುಳಬಹುದು. ಆದ್ದರಿಂದ ಅಂಕಿ, ಹೆಸರು, ದಿನಾಂಕ, ಪ್ರಮಾಣಪತ್ರದ ಸಂಖ್ಯೆ ಇವು ಭಂಡಾರದಿಂದ ನೇರ ನಕಲಾಗಿಯೇ ಬರಬೇಕು. ಮಾದರಿಗೆ ಅವನ್ನು ಹೊಸದಾಗಿ ಬರೆಯುವ ಅವಕಾಶವೇ ಇರಬಾರದು.

ಗುಟ್ಟಿನ ಪ್ರಶ್ನೆಯೂ ಇದೆ. 2023ರಲ್ಲಿ ಸ್ಯಾಮ್‌ಸಂಗ್‌ನ ಕೆಲವು ಉದ್ಯೋಗಿಗಳು ಕಂಪನಿಯ ಸೋರ್ಸ್ ಕೋಡನ್ನು ಚಾಟ್‌ಜಿಪಿಟಿಗೆ ಅಂಟಿಸಿದ್ದು ಬಯಲಾದ ಮೇಲೆ ಕಂಪನಿ ಅಂಥ ಸಾಧನಗಳ ಬಳಕೆಯನ್ನೇ ನಿಷೇಧಿಸಿತು. ಪ್ರಸ್ತಾವನೆ ಬರೆಯುವವರ ಕೈಯಲ್ಲಿ ಗಿರಾಕಿಯ ಜಾಲದ ನಕ್ಷೆ, ಸಹೋದ್ಯೋಗಿಗಳ ಬಯೋಡೇಟಾ, ಬೆಲೆಯ ಲೆಕ್ಕ ಎಲ್ಲ ಇರುತ್ತದೆ. ಒಬ್ಬ ಗಿರಾಕಿಗೆ ಕೊಟ್ಟ ರಿಯಾಯಿತಿ ಇನ್ನೊಬ್ಬರ ಪ್ರಸ್ತಾವನೆಯ ಕರಡಿನಲ್ಲಿ ಕಾಣಿಸಿಕೊಳ್ಳುವುದು ಭಂಡಾರವನ್ನು ಬೇರ್ಪಡಿಸದೆ ಯಂತ್ರಕ್ಕೆ ತೆರೆದಿಟ್ಟ ಕಡೆಯೆಲ್ಲ ಸಾಧ್ಯ.

ಯಾವುದು ಮೊದಲು

ಹದ ತಪ್ಪುವುದು ಹೆಚ್ಚಾಗಿ ಕೆಲಸದ ಅನುಕ್ರಮದಲ್ಲಿ. ಟೆಂಡರ್ ಬಂದ ಕೂಡಲೇ ಹಳೆಯ ಫೈಲ್ ತೆರೆದು 'ಸೇವ್ ಆಸ್' ಒತ್ತುವುದು, ಅಥವಾ ಪೂರ್ತಿ ಟೆಂಡರನ್ನು ಯಂತ್ರಕ್ಕೆ ಕೊಟ್ಟು ಕರಡು ಕೇಳುವುದು ರೂಢಿ. ಮುಂದೆ ಸರಾಗವಾದ ಕರಡು ಬಂದು ಕೂತ ಮೇಲೆ ಅದನ್ನು ತಿದ್ದುವ ಮನಸ್ಸಾಗುತ್ತದೆಯೇ ಹೊರತು ಅದು ಉತ್ತರಿಸಬೇಕಾದ ಪ್ರಶ್ನೆಯೇ ಬೇರೆ ಎಂದು ಹೊಳೆಯುವುದಿಲ್ಲ. ಒಳ್ಳೆಯ ಬಿಡ್ ಮ್ಯಾನೇಜರುಗಳು ಉಲ್ಟಾ ಮಾಡುತ್ತಾರೆ. ಮೊದಲು ಒಂದು ಪುಟ, ಕೈಯಿಂದ: ಈ ಗಿರಾಕಿಗೆ ಏನು ನೋಯುತ್ತಿದೆ, ನಮಗೆ ಅದು ಹೇಗೆ ಗೊತ್ತು, ನಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ. ಆ ಪುಟ ಬರೆಯಲಾಗದಿದ್ದರೆ ಗಿರಾಕಿಗೆ ಫೋನ್ ಮಾಡಬೇಕು, ಸ್ಥಳಕ್ಕೆ ಹೋಗಬೇಕು, ಪ್ರಿ-ಬಿಡ್ ಸಭೆಯಲ್ಲಿ ಕೇಳಬೇಕು. ಆಗಲೂ ಆಗದಿದ್ದರೆ ಆ ಟೆಂಡರನ್ನು ಬಿಡಬೇಕು. ಬಿಡುವ ನಿರ್ಧಾರದಷ್ಟು ಸಮಯ ಉಳಿಸುವ ತಂತ್ರಾಂಶ ಇನ್ನೂ ಬಂದಿಲ್ಲ.

ಆ ಒಂದು ಪುಟ ಸಿದ್ಧವಾದ ಮೇಲೆ ಯಂತ್ರ ಬರಲಿ. ಭಂಡಾರದಿಂದ ತುಣುಕುಗಳನ್ನು ತರಲಿ, ಕೋಷ್ಟಕ ಹಾಕಲಿ, ಪುಟಸಂಖ್ಯೆ ಹೊಂದಿಸಲಿ. ಕೊನೆಯಲ್ಲಿ ಅದಕ್ಕೆ ಇನ್ನೊಂದು ಒಳ್ಳೆಯ ಕೆಲಸವಿದೆ: ವಿಮರ್ಶಕನದು. ಮುಗಿದ ಪ್ರಸ್ತಾವನೆಯನ್ನೂ ಟೆಂಡರನ್ನೂ ಪಕ್ಕಪಕ್ಕ ಕೊಟ್ಟು, ಉತ್ತರವಿಲ್ಲದ ಷರತ್ತು ಯಾವುದು, ಆಧಾರವಿಲ್ಲದ ಭರವಸೆ ಯಾವುದು, ಬೇರೆ ಗಿರಾಕಿಯ ಹೆಸರು ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದರೆ, ಬರೆಯುವಾಗಿನದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಜೋಡಣೆಯ ಕ್ರಮವೂ ಗಿರಾಕಿಯದೇ ಆಗಬೇಕು. ಮೌಲ್ಯಮಾಪನ ಮಾಡುವ ಅಧಿಕಾರಿಯ ಮುಂದೆ ಐದಾರು ದಪ್ಪ ಕಡತಗಳೂ ಒಂದು ಅಂಕಪಟ್ಟಿಯೂ ಇರುತ್ತವೆ. ಸಲಹಾ ಸೇವೆಗಳ ಟೆಂಡರುಗಳಲ್ಲಿ ಗುಣಮಟ್ಟಕ್ಕೂ ಬೆಲೆಗೂ 70:30 ಅಥವಾ 80:20ರಂತೆ ಅಂಕ ಹಂಚುವುದು ರೂಢಿ. ಆ ಗುಣಮಟ್ಟದ ಅಂಕಗಳು ಯಾವ ಯಾವ ಶೀರ್ಷಿಕೆಗೆ ಎಷ್ಟು ಎಂಬುದು ಟೆಂಡರಿನಲ್ಲೇ ಇರುತ್ತದೆ. ಅದೇ ಶೀರ್ಷಿಕೆ, ಅದೇ ಅನುಕ್ರಮ, ಆರಂಭದಲ್ಲಿ ಯಾವ ಅಂಕಕ್ಕೆ ಯಾವ ಪುಟ ಎಂಬ ಸೂಚಿ ಕೊಟ್ಟರೆ ಓದುವವರಿಗೆ ಹುಡುಕಾಟ ತಪ್ಪುತ್ತದೆ. ಸಂಸ್ಥೆಯ ಸ್ಥಾಪಕರ ಭಾವಚಿತ್ರ, ಪ್ರಶಸ್ತಿಗಳ ಪಟ್ಟಿಯಿಂದ ಶುರುವಾಗುವ ಕಡತ ಓದುವವರ ಕೆಲಸವನ್ನು ಹೆಚ್ಚಿಸುತ್ತದೆ. ಕೆಲವು ಕಡೆ ಈಗ ಸ್ವೀಕರಿಸುವವರೂ ಸಾರಾಂಶಕ್ಕೆ ಯಂತ್ರದ ನೆರವು ಪಡೆಯತೊಡಗಿದ್ದಾರೆ. ಅಲ್ಲೂ ಸ್ಪಷ್ಟ ಶೀರ್ಷಿಕೆ, ನೇರ ಉತ್ತರವೇ ಮೇಲೆ ತೇಲುತ್ತದೆ.

ಬೆಲೆಯ ವಿಷಯದಲ್ಲಿ ಗೆರೆ ಸ್ಪಷ್ಟ. ವೆಚ್ಚ ಎಷ್ಟಾಗುತ್ತದೆ ಎಂಬುದು ಲೆಕ್ಕ, ಅದು ಯಂತ್ರದ್ದು. ಎಷ್ಟು ಹೇಳಬೇಕು ಎಂಬುದು ತೀರ್ಮಾನ. ಈ ಪಾರ್ಟಿ ಕಳೆದ ಸಲ ಹಣ ಕೊಡಲು ಎಂಟು ತಿಂಗಳು ಎಳೆಯಿತು, ಆದ್ದರಿಂದ ಬೆಲೆ ಇಳಿಸುವ ಬದಲು ಅರ್ಧ ಮುಂಗಡ ಕೇಳೋಣ; ಆ ಪಾರ್ಟಿ ಸಣ್ಣದು, ಆದರೆ ಪ್ರತಿ ತಿಂಗಳೂ ಆರ್ಡರ್ ಕೊಡುತ್ತದೆ, ಅವರಿಗೆ ಮೊದಲ ಲಾಟಿನಲ್ಲಿ ಲಾಭ ಬಿಡೋಣ ಎಂಬ ತಿಳಿವಳಿಕೆ ಮಾಲೀಕರ ತಲೆಯಲ್ಲಿರುತ್ತದೆ, ಹಾಳೆಯಲ್ಲಿರುವುದಿಲ್ಲ.

ಫಲಿತಾಂಶ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ, ಅದನ್ನು ಬಹುಪಾಲು ಸಂಸ್ಥೆಗಳು ಮಾಡುವುದಿಲ್ಲ. ಗೆದ್ದರೆ ಯಾಕೆ, ಸೋತರೆ ಯಾಕೆ ಎಂದು ಗಿರಾಕಿಯನ್ನೇ ಕೇಳುವುದು. ಸರ್ಕಾರಿ ಟೆಂಡರಿನಲ್ಲಿ ತಾಂತ್ರಿಕ ಅಂಕಗಳ ವಿವರ ಸಿಗುತ್ತದೆ. ಖಾಸಗಿಯಲ್ಲಿ ಒಂದು ಫೋನ್ ಕರೆಗೆ ಉತ್ತರ ಸಿಗುವುದುಂಟು. ಬಂದ ಉತ್ತರದಲ್ಲಿ ಪ್ರಮಾಣಪತ್ರ ಹಳೆಯದಿತ್ತು, ಅನುಭವದ ವಿವರ ಅಸ್ಪಷ್ಟವಿತ್ತು ಎಂಬಂಥವು ಭಂಡಾರಕ್ಕೆ ಹೋಗಿ, ಆ ತುಣುಕು ತಿದ್ದುಪಡಿಯಾಗಬೇಕು. ಆ ಗಿರಾಕಿಗೆಂದೇ ಬರೆದ ಪುಟಗಳು ಮಾತ್ರ ಭಂಡಾರಕ್ಕೆ ಸಿದ್ಧ ಪಠ್ಯವಾಗಿ ಸೇರಬಾರದು, ಎಷ್ಟೇ ಚೆನ್ನಾಗಿದ್ದರೂ. ಸೇರಿದರೆ ಮುಂದಿನ ಟೆಂಡರಿನಲ್ಲಿ ಯಂತ್ರ ಅವನ್ನೇ ಎತ್ತಿಕೊಡುತ್ತದೆ, ಒಬ್ಬರ ತೊಂದರೆ ಇನ್ನೊಬ್ಬರದಾಗಿ ಹೋಗುತ್ತದೆ. ಅವನ್ನು ಬೇರೆ ಕಡತದಲ್ಲಿ, ಕೇಳಿದ ಪ್ರಶ್ನೆಗಳ ಪಟ್ಟಿಯೊಂದಿಗೆ ಇಟ್ಟರೆ ಹೊಸದಾಗಿ ಕೆಲಸಕ್ಕೆ ಸೇರಿದವರು ಗಿರಾಕಿಯ ಮುಂದೆ ಕೂತಾಗ ಏನೇನು ಕೇಳಬೇಕು ಎಂದು ಕಲಿಯಲು ಅದು ಸಾಕಾಗುತ್ತದೆ.